ನ್ಯೂಯಾರ್ಕ್‌ನ ಸ್ಪೀಕೀಸಿ ಟೂರ್‌ಗೆ ಕುಡಿಯದವರೂ ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ದಸರಾ ಮುಗಿಸಿಕೊಂಡು ನ್ಯೂಜೆರ್ಸಿಯ ಮಗಳ ಮನೆಗೆ ಬರುತ್ತಿದ್ದೀರಿ, ಪಾನನಿಷೇಧದ ಕಾಲದ ಕಳ್ಳ ಬಾರ್‌ಗಳನ್ನು, ಅಂದರೆ ಸ್ಪೀಕೀಸಿಗಳನ್ನು ತೋರಿಸುವ ಟೂರ್ ಒಂದು ಕಣ್ಣಿಗೆ ಬಿದ್ದಿದೆ. ನೀವು ಒಂದೆರಡು ಪೆಗ್ ತಗೊಳ್ಳುವವರು, ನಿಮ್ಮ ಮನೆಯವರು ಮುಟ್ಟುವುದಿಲ್ಲ. ಇಬ್ಬರೂ ದುಡ್ಡು ಕೊಟ್ಟು ಹೋಗುವಂಥದ್ದು ಅದರಲ್ಲಿ ಏನಾದರೂ ಇದೆಯಾ?

ಇದೆ ಸರ್, ಧಾರಾಳವಾಗಿ ಹೋಗಿ. ಟೂರ್ ಆರಿಸುವಾಗ ಮಾತ್ರ ಸ್ವಲ್ಪ ಹುಷಾರು. ಊರಿಂದ ಬಂದವರನ್ನೆಲ್ಲ ಕರೆದುಕೊಂಡು ನಾನು ಇಂಥ ನಡಿಗೆಗಳಿಗೆ ಹೋಗುತ್ತಲೇ ಇರುತ್ತೇನೆ. ಒಂದು ಟೂರ್‌ನವರು ನಮ್ಮನ್ನು ಸುತ್ತಿಸಿದ್ದೆಲ್ಲ ಈಚೆಗೆ ಶುರುವಾದ ಬಾರ್‌ಗಳನ್ನೇ. ಪುಸ್ತಕದ ಕಪಾಟು ತಳ್ಳಿದರೆ ಒಳಗೆ ಬಾರ್, ಟೆಲಿಫೋನ್ ಬೂತ್ ಒಳಗಿಂದ ದಾರಿ, ಹೀಗೆ. ನೋಡೋಕೆ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ, ಆದರೆ ಅದಕ್ಕೂ ಪಾನನಿಷೇಧದ ಕಾಲಕ್ಕೂ ಏನೂ ಸಂಬಂಧವಿಲ್ಲ. ಅದಕ್ಕೇ ಬುಕ್ ಮಾಡುವ ಮೊದಲು ಒಂದು ಮಾತು ಕೇಳಿ: ನೀವು ತೋರಿಸುವ ಯಾವ ಕಟ್ಟಡದಲ್ಲಿ ಆಗ ನಿಜವಾಗಿ ಕದ್ದು ಮಾರುತ್ತಿದ್ದರು, ಅದು ನಿಮಗೆ ಹೇಗೆ ಗೊತ್ತು? ಹಳೇ ಪತ್ರಿಕೆಯ ರೇಡ್ ಸುದ್ದಿ, ಕೋರ್ಟ್ ಕೇಸು, ಫೋಟೋ ಅಂತ ಏನಾದರೂ ಹೇಳಿದರೆ ಅವರ ಜೊತೆ ಹೋಗಿ. "ಇಲ್ಲಿ ದೊಡ್ಡ ದೊಡ್ಡ ಗ್ಯಾಂಗ್‌ಸ್ಟರ್‌ಗಳು ಬರ್ತಿದ್ರು" ಅಂತಷ್ಟೇ ಹೇಳಿದರೆ ಬಿಟ್ಟುಬಿಡಿ.

ಹೋಗುವ ಮೊದಲು ಆ ಕಾನೂನು ಏನಿತ್ತು ಅಂತ ಗೊತ್ತಿದ್ದರೆ ನೋಡಿದ್ದಕ್ಕೆಲ್ಲ ಅರ್ಥ ಬರುತ್ತೆ. 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಇಡೀ ಅಮೆರಿಕದಲ್ಲಿ ಪಾನನಿಷೇಧ. ಸಂವಿಧಾನಕ್ಕೇ 18ನೇ ತಿದ್ದುಪಡಿ ತಂದು ಮಾಡಿದ್ದರು, ಅದನ್ನು ತೆಗೆಯೋಕೆ 21ನೇ ತಿದ್ದುಪಡಿ ಬೇಕಾಯಿತು. ಮಾಡುವುದು, ಮಾರುವುದು, ಸಾಗಿಸುವುದು ಅಪರಾಧ. ಕುಡಿಯುವುದು ಮಾತ್ರ ಅಪರಾಧ ಅಲ್ಲ! ಡಾಕ್ಟರ್ ಚೀಟಿ ಇದ್ದರೆ ಮೆಡಿಕಲ್ ಶಾಪ್‌ನಲ್ಲೇ ವಿಸ್ಕಿ ಸಿಗುತ್ತಿತ್ತು, ಹತ್ತು ದಿನಕ್ಕೆ ಒಂದು ಪೈಂಟ್, ಅಂದರೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ. 1931ರ ಡಿಸೆಂಬರ್‌ನಲ್ಲಿ ವಿನ್‌ಸ್ಟನ್ ಚರ್ಚಿಲ್‌ಗೆ ಫಿಫ್ತ್ ಅವೆನ್ಯೂನಲ್ಲಿ ಕಾರು ಗುದ್ದಿತು, ಆಗ ಅವರಿಗೂ ಡಾಕ್ಟರ್ ಒಬ್ಬರು ಊಟದ ಹೊತ್ತಿಗೆ ಮದ್ಯ ಬೇಕೇ ಬೇಕು ಅಂತ ಬರೆದುಕೊಟ್ಟರು. ಇನ್ನು ನ್ಯೂಯಾರ್ಕ್ ರಾಜ್ಯ ನಿಷೇಧ ಜಾರಿಗೆ ಅಂತ ತಾನೇ ಮಾಡಿಕೊಂಡಿದ್ದ ಕಾಯ್ದೆಯನ್ನು 1923ರಲ್ಲಿ ರದ್ದು ಮಾಡಿಬಿಟ್ಟಿತು. ಆಮೇಲೆ ಹಿಡಿಯುವ ಕೆಲಸ ಹೆಚ್ಚುಕಮ್ಮಿ ಕೇಂದ್ರದ ಏಜೆಂಟರ ತಲೆಗೇ ಬಿತ್ತು, ಅವರೋ ಕೈಬೆರಳೆಣಿಕೆಯಷ್ಟು ಜನ.

ಈಗ ಜಾಗಗಳಿಗೆ ಬರೋಣ. ಗ್ರೀನಿಚ್ ವಿಲೇಜ್‌ನಲ್ಲಿ 86 ಬೆಡ್‌ಫರ್ಡ್ ಸ್ಟ್ರೀಟ್, ಚಮ್ಲೀಸ್ ಅನ್ನುವ ಬಾರ್ ಇದ್ದ ಮನೆ. ಮೊದಲು ಕಮ್ಮಾರನ ಕುಲುಮೆ ಇದ್ದ ಜಾಗ ಅದು, 1922ರಲ್ಲಿ ಲೀ ಚಮ್ಲಿ ಅನ್ನುವವರು ಸ್ಪೀಕೀಸಿ ಮಾಡಿದರು. ಮುಂದೆ ಬೋರ್ಡ್ ಇಲ್ಲದ ಬಾಗಿಲು, ಹಿಂದೆ ಬ್ಯಾರೋ ಸ್ಟ್ರೀಟ್ ಕಡೆಯಿಂದ ಪಮೇಲಾ ಕೋರ್ಟ್ ಅನ್ನುವ ಸಣ್ಣ ಅಂಗಳ ದಾಟಿ ಬರುವ ಇನ್ನೊಂದು ದಾರಿ. ನಿಷೇಧ ಹೋದಮೇಲೂ ಅವರು ಬೋರ್ಡ್ ಹಾಕಲಿಲ್ಲ. 2007ರಲ್ಲಿ ಗೋಡೆ ಕುಸಿದು ಮುಚ್ಚಿತು, 2016ರಲ್ಲಿ ತೆರೆಯಿತು, 2020ರಲ್ಲಿ ಮತ್ತೆ ಮುಚ್ಚಿತು. ಹೊರಗೆ ನಿಂತು ನೋಡಿದರೂ ಸಾಕು, ಎರಡು ಬೀದಿಗಳ ನಡುವೆ ಜನ ಹೇಗೆ ಮಾಯವಾಗುತ್ತಿದ್ದರು ಅಂತ ಗೊತ್ತಾಗುತ್ತೆ.

ನನಗೆ ಅದಕ್ಕಿಂತ ಇಷ್ಟವಾದದ್ದು 21 ವೆಸ್ಟ್ 52ನೇ ಬೀದಿಯ "21" ಕ್ಲಬ್‌ನ ಕಥೆ. ಜ್ಯಾಕ್ ಕ್ರೈಂಡ್ಲರ್, ಚಾರ್ಲಿ ಬರ್ನ್ಸ್ ಅನ್ನುವ ಸೋದರಸಂಬಂಧಿಗಳು 1930ರಲ್ಲಿ ಅಲ್ಲಿಗೆ ಬಂದರು. ಪೊಲೀಸರು ಬಂದರೆ ಬಾರ್‌ನ ಶೆಲ್ಫುಗಳೇ ವಾಲಿ, ಬಾಟಲಿಗಳೆಲ್ಲ ಒಂದು ಕೊಳವೆಯೊಳಗೆ ಉರುಳಿ, ಒಡೆದು ಚರಂಡಿ ಸೇರುವ ಹಾಗೆ ಮಾಡಿಸಿದ್ದರು. ಅಸಲಿ ದಾಸ್ತಾನು ಇದ್ದದ್ದು ಪಕ್ಕದ 19ನೇ ನಂಬರ್ ಮನೆಯ ನೆಲಮಾಳಿಗೆಯಲ್ಲಿ. ಅದಕ್ಕೆ ಎರಡು ಟನ್‌ಗೂ ಜಾಸ್ತಿ ತೂಕದ ಬಾಗಿಲು, ಮೇಲೆ ಇಟ್ಟಿಗೆ ಹೊದಿಸಿ ಥೇಟ್ ಗೋಡೆ ಥರವೇ ಮಾಡಿದ್ದು. ಮಾಂಸ ಸುಡುವ ಉದ್ದ ಕಂಬಿಯನ್ನು ಅಲ್ಲಿರುವ ಸಂದುಗಳಲ್ಲಿ ಸರಿಯಾದ ಒಂದಕ್ಕೇ ತೂರಿಸಿದರೆ ಮಾತ್ರ ಬೀಗ ಬಿಡುತ್ತಿತ್ತು. "ಈ ಮನೆಯಲ್ಲಿ ಮದ್ಯ ಇಲ್ಲ" ಅಂತ ಅವರು ಧೈರ್ಯವಾಗಿ ಹೇಳಬಹುದಿತ್ತು, ಯಾಕಂದರೆ ಇದ್ದದ್ದು ಪಕ್ಕದ ಮನೆಯಲ್ಲಿ. 1932ರಲ್ಲಿ ಏಜೆಂಟರು ಇಡೀ ಕಟ್ಟಡ ಜಾಲಾಡಿದರೂ ಅದು ಸಿಗಲಿಲ್ಲ. ಈ ಕ್ಲಬ್ ಕೂಡ 2020ರಲ್ಲಿ ಮುಚ್ಚಿತು, ಅದೊಂದು ನನಗೆ ನಿಜಕ್ಕೂ ಬೇಜಾರು.

ಹಿಡಿಯುವವರೂ ಚಾಲಾಕಿತನದಲ್ಲಿ ಕಡಿಮೆ ಇರಲಿಲ್ಲ. ಇಜ್ಜಿ ಐನ್‌ಸ್ಟೈನ್ ಅಂತ ಒಬ್ಬರು, ಮೊದಲು ಅಂಚೆ ಇಲಾಖೆಯಲ್ಲಿ ಗುಮಾಸ್ತರು, ಆಮೇಲೆ ನಿಷೇಧ ಜಾರಿ ಮಾಡುವ ಕೇಂದ್ರದ ಏಜೆಂಟರು. ಗೆಳೆಯ ಮೋ ಸ್ಮಿತ್ ಜೊತೆ ವೇಷ ಹಾಕಿಕೊಂಡು ಬಾರ್‌ಗಳಿಗೆ ನುಗ್ಗುತ್ತಿದ್ದರು. ಅವರ ಕೋಟಿನ ಒಳಜೇಬಲ್ಲಿ ಒಂದು ಸಣ್ಣ ಲಾಳಿಕೆ, ಅದರಿಂದ ನಳಿಕೆ, ಕೆಳಗೆ ಬಾಟಲಿ. ಕುಡಿದ ಹಾಗೆ ಮಾಡಿ ಅದಕ್ಕೆ ಸುರಿದುಕೊಂಡರೆ ಸಾಕ್ಷಿ ಸಿಕ್ಕಿತು! ಇಬ್ಬರೂ ಸೇರಿ ಸುಮಾರು 5,000 ಜನರನ್ನು ಹಿಡಿದರು, 1925ರಲ್ಲಿ ನಿಷೇಧ ಇಲಾಖೆ ಇಬ್ಬರನ್ನೂ ಮನೆಗೆ ಕಳಿಸಿತು.

ಕಾಕ್‌ಟೇಲ್ ವಿಷಯದಲ್ಲಿ ಗೈಡುಗಳು ಹೇಳುವುದನ್ನೆಲ್ಲ ಪೂರ್ತಿ ನಂಬಬೇಡಿ. ಕೆಟ್ಟ ಮದ್ಯದ ವಾಸನೆ ಮುಚ್ಚೋಕೆ ಅಂತಲೇ ಕಾಕ್‌ಟೇಲ್ ಹುಟ್ಟಿತು ಅನ್ನುತ್ತಾರೆ. ಕಾಕ್‌ಟೇಲ್ ಅದಕ್ಕೂ ನೂರು ವರ್ಷ ಮುಂಚೆಯೇ ಇತ್ತು. ಆದರೆ ಜಿನ್ ಯಾಕೆ ಅಷ್ಟು ಹೆಚ್ಚಾಯಿತು ಅನ್ನೋದಕ್ಕೆ ಸರಿಯಾದ ಕಾರಣ ಇದೆ: ವಿಸ್ಕಿ ವರ್ಷಗಟ್ಟಲೆ ಪೀಪಾಯಿಯಲ್ಲಿ ಕೂರಬೇಕು, ಜಿನ್‌ಗೆ ಆಲ್ಕೋಹಾಲ್, ನೀರು, ಸ್ವಲ್ಪ ಜುನಿಪರ್ ಎಣ್ಣೆ ಸಾಕು, ಅವತ್ತೇ ಮಾರಬಹುದು. ಒಳ್ಳೇ ಬಾರ್‌ಟೆಂಡರ್‌ಗಳು ಕೆಲಸ ಕಳೆದುಕೊಂಡು ದೇಶ ಬಿಟ್ಟರು, ಹ್ಯಾರಿ ಕ್ರ್ಯಾಡಕ್ ಲಂಡನ್‌ನ ಸವಾಯ್ ಹೋಟೆಲ್ ಸೇರಿಕೊಂಡರು. ಹಾಗಾಗಿ ಆ ಕಾಲದ ಕಾಕ್‌ಟೇಲ್ ಅಂತ ಕೊಡುವುದರಲ್ಲಿ ಮೇರಿ ಪಿಕ್‌ಫರ್ಡ್ ಕ್ಯೂಬಾದ ಹವಾನಾದ್ದು, ಸ್ಕಾಫ್‌ಲಾ ಪ್ಯಾರಿಸ್‌ದು. ನೀವು ಬೀಸ್ ನೀಸ್ ಅನ್ನುವ ಕಾಕ್‌ಟೇಲ್ ಕೇಳಿ: 60 ಮಿಲಿ ಜಿನ್, ನಿಂಬೆರಸ, ಜೇನುತುಪ್ಪ. ತಣ್ಣನೆ ಜಿನ್‌ನಲ್ಲಿ ಜೇನು ಕರಗಲ್ಲ, ತಳದಲ್ಲಿ ಅಂಟಿ ಕೂರುತ್ತೆ, ಅದಕ್ಕೆ ಮೊದಲೇ ಬಿಸಿನೀರಲ್ಲಿ ಕದಡಿಟ್ಟುಕೊಂಡಿರುತ್ತಾರೆ. ನಿಮ್ಮ ಮನೆಯವರಿಗೆ ಅದನ್ನೇ ಜಿನ್ ಬಿಟ್ಟು ಸೋಡಾ ಹಾಕಿಸಿಕೊಡಿ, ಸೊಗಸಾಗಿರುತ್ತೆ.

ಒಂದು ವಿಷಯವನ್ನು ಎಷ್ಟೋ ಟೂರ್‌ಗಳು ಹಾರಿಸಿಬಿಡುತ್ತವೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಕಳ್ಳ ಮದ್ಯಕ್ಕೆ ಕಾರ್ಖಾನೆಯ ಆಲ್ಕೋಹಾಲನ್ನೇ ಕದ್ದು ಬಳಸುತ್ತಿದ್ದರು. ಅದನ್ನು ತಡೆಯೋಕೆ ಕೇಂದ್ರ ಸರ್ಕಾರ ಅದರಲ್ಲಿ ಮಿಥೈಲ್ ಆಲ್ಕೋಹಾಲ್ ಅನ್ನುವ ವಿಷದ ಪ್ರಮಾಣ ಹೆಚ್ಚಿಸಿತು. ಜನ ಕುಡಿಯುತ್ತಾರೆ ಅಂತ ಗೊತ್ತಿದ್ದೇ ಹೆಚ್ಚಿಸಿತು. 1926ರ ಕ್ರಿಸ್‌ಮಸ್ ಹೊತ್ತಿಗೆ ಬೆಲ್‌ವ್ಯೂ ಆಸ್ಪತ್ರೆಗೆ 60ಕ್ಕೂ ಹೆಚ್ಚು ಜನ ಬಂದರು, ಹಲವರು ಸತ್ತರು. ನಗರದ ಮುಖ್ಯ ವೈದ್ಯಕೀಯ ಪರೀಕ್ಷಕ ಚಾರ್ಲ್ಸ್ ನಾರಿಸ್ ಇದಕ್ಕೆ ಸರ್ಕಾರವೇ ಹೊಣೆ ಅಂತ ಬಹಿರಂಗವಾಗಿ ಹೇಳಿದರು, ಸಾಯುತ್ತಿರುವವರು ಒಳ್ಳೇದನ್ನು ಕೊಳ್ಳೋಕೆ ಆಗದ ಬಡವರು ಅಂತಲೂ ಹೇಳಿದರು. 1981ರಲ್ಲಿ ಬೆಂಗಳೂರಿನ ಕಳ್ಳಸಾರಾಯಿ ದುರಂತದಲ್ಲಿ 300ಕ್ಕೂ ಜಾಸ್ತಿ ಜನ ಸತ್ತದ್ದು ನಿಮಗೂ ನೆನಪಿರಬಹುದು, ಅಲ್ಲೂ ಕೊಂದದ್ದು ಇದೇ ಮಿಥೈಲ್. ದುಡ್ಡಿದ್ದವನಿಗೆ ಕೆನಡಾದ ವಿಸ್ಕಿ, ಕೂಲಿಯವನಿಗೆ ಇದು. ಇದನ್ನು ಹೇಳದ ಟೂರ್ ನನಗೆ ಅರ್ಧ ಟೂರ್. ಗೈಡ್ ಹೇಳದಿದ್ದರೆ ನೀವೇ ಕೇಳಿ, ದಯವಿಟ್ಟು.

ಇನ್ನು ವ್ಯವಹಾರದ ಮಾತು. ವಯಸ್ಸು ಎಷ್ಟೇ ಆಗಿರಲಿ, ಬಾಗಿಲಲ್ಲಿ ಗುರುತಿನ ಚೀಟಿ ಕೇಳಬಹುದು, ಇಬ್ಬರೂ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಟಿಕೆಟ್‌ನಲ್ಲಿ ಡ್ರಿಂಕ್ಸ್ ಸೇರಿದೆಯಾ ಇಲ್ವಾ ಅಂತ ಮೊದಲೇ ಕೇಳಿ, ಎಷ್ಟೋ ಕಡೆ ಸೇರಿರಲ್ಲ, ಮೇಲೆ ಟಿಪ್ಸ್ ಬೇರೆ. ಮಂಡಿನೋವು ಇದ್ದರೆ ಮೆಟ್ಟಿಲು ಎಷ್ಟು ಅಂತ ವಿಚಾರಿಸಿ, ನೆಲಮಾಳಿಗೆಗಳೇ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಸಬ್‌ವೇ ಆದರೆ 1ನೇ ನಂಬರ್ ರೈಲು ಹಿಡಿದು ಕ್ರಿಸ್ಟೋಫರ್ ಸ್ಟ್ರೀಟ್‌ನಲ್ಲಿ ಇಳಿಯಿರಿ, ಬೆಡ್‌ಫರ್ಡ್ ಸ್ಟ್ರೀಟ್ ಅಲ್ಲಿಂದ ಹತ್ತಿರ.

ಟೂರ್‌ನವರು ಕರೆದೊಯ್ಯದಿದ್ದರೂ ಈಸ್ಟ್ 7ನೇ ಬೀದಿಯ ಮೆಕ್‌ಸಾರ್ಲೀಸ್‌ಗೆ ಒಂದು ಮಧ್ಯಾಹ್ನ ನೀವಿಬ್ಬರೇ ಹೋಗಿ, ಸಂಜೆಯಾದರೆ ಕಾಲಿಡೋಕೆ ಜಾಗ ಇರಲ್ಲ. ನಿಷೇಧದ ಅಷ್ಟೂ ವರ್ಷ ಬಾಗಿಲು ಮುಚ್ಚದ ಬಾರ್ ಅದು, ಆಲ್ಕೋಹಾಲ್ ಇಲ್ಲದಂಥ ಬಿಯರ್ ಅಂತ ಹೇಳಿಕೊಂಡು ನೆಲಮಾಳಿಗೆಯಲ್ಲಿ ತಯಾರಿಸಿದ್ದನ್ನೇ ಮಾರುತ್ತಿತ್ತು. ಸ್ಪೀಕೀಸಿಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಕೂರುತ್ತಿದ್ದ ಕಾಲದಲ್ಲೂ ಇಲ್ಲಿ ಹೆಂಗಸರಿಗೆ ಪ್ರವೇಶ ಇರಲಿಲ್ಲ, 1970ರಲ್ಲಿ ಕಾನೂನು ಬಂದಮೇಲೆಯೇ ಬಿಟ್ಟದ್ದು. ನೆಲದ ಮೇಲೆ ಇವತ್ತಿಗೂ ಮರದ ಹೊಟ್ಟು ಹರಡಿರುತ್ತಾರೆ. ಲೈಟ್, ಡಾರ್ಕ್ ಅಂತ ಎರಡೇ ಬಗೆ, ಒಂದು ಕೇಳಿದರೆ ಎರಡು ಸಣ್ಣ ಮಗ್ ತಂದಿಡುತ್ತಾರೆ. ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಂಡು ಹೋಗಿ.