ಹೈಸ್ಕೂಲ್ ಮಕ್ಕಳಿಗೆ ಮೋಲ್ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಹೇಗೆ ಹೇಳಿಕೊಡಲಿ?

ಒಂದು ಮೋಲ್ ಅಂದರೆ 6.022 × 10²³ ಕಣಗಳು ಎಂದು ಬೋರ್ಡಿನ ಮೇಲೆ ಬರೆದು ಶುರು ಮಾಡಬೇಡಿ. ಅಲ್ಲೇ ಅರ್ಧ ಕ್ಲಾಸು ಕೈಚೆಲ್ಲುತ್ತದೆ. ನೀವಿರುವುದು ಬಾಗಲಕೋಟೆಯಲ್ಲಿ ಅಲ್ವಾ? ಸುಣ್ಣದ ಕಲ್ಲಿಗೇನು ಬರ!

"100 ಕೆಜಿ ಕಲ್ಲು ಸುಟ್ಟರೆ ಸುಣ್ಣ ಎಷ್ಟು ಸಿಗುತ್ತದೆ?" ಎಂದು ಕೇಳಿ. ಊಹಿಸಲಿ, ಜಗಳವಾಡಲಿ. ಆಮೇಲೆ ಕಲ್ಲಿನಲ್ಲಿರುವ (CaCO₃) ಪರಮಾಣುಗಳ ತೂಕ ಕೂಡಿಸಲು ಹೇಳಿ: ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48. ಒಟ್ಟು 100. ಸುಟ್ಟಾಗ ಒಂದು ಕಾರ್ಬನ್, ಎರಡು ಆಕ್ಸಿಜನ್ ಸೇರಿ ಗ್ಯಾಸಾಗಿ ಹಾರಿಹೋಗುತ್ತವೆ, ಅಂದರೆ 44. ಭಟ್ಟಿಯಲ್ಲಿ ಉಳಿಯುವ ಸುಣ್ಣ 56. ಗ್ರಾಂ ಇರಲಿ, ಟನ್ ಇರಲಿ, ಪಾಲು ಇದೇ. ಈಗ ಹೇಳಿ, ಆ ಒಟ್ಟು ಎಷ್ಟೋ ಅಷ್ಟು ಗ್ರಾಂ, ಅಂದರೆ 100 ಗ್ರಾಂ ಶುದ್ಧ ಕಲ್ಲು, ಒಂದು ಮೋಲ್. ನಿಜವಾದ ಕಲ್ಲಿನಲ್ಲಿ ಮಣ್ಣೂ ಇರುತ್ತದಲ್ಲ, 100 ಕೆಜಿಯಲ್ಲಿ 20 ಕೆಜಿ ಮಣ್ಣಿದ್ದರೆ? ಜಾಣರು 44.8 ಕೆಜಿ ಸುಣ್ಣ ಎನ್ನುತ್ತಾರೆ.

ಯಾವುದು ಮೊದಲು ಮುಗಿಯುತ್ತದೆ ಎಂಬ ಲೆಕ್ಕಕ್ಕೆ ಚಕ್ಕಡಿ ಸಾಕು. ಏಳು ಎತ್ತು, ಐದು ಚಕ್ಕಡಿ, ಹೊರಡುವುದು ಮೂರೇ. ನೀರಾಗುವಾಗಲೂ ಅಷ್ಟೇ, ಎರಡು ಮೋಲ್ ಹೈಡ್ರೋಜನ್‌ಗೆ ಒಂದು ಮೋಲ್ ಆಕ್ಸಿಜನ್ ಬೇಕು: ಏಳು ಮೋಲ್ ಹೈಡ್ರೋಜನ್, ಐದು ಮೋಲ್ ಆಕ್ಸಿಜನ್ ಕೊಟ್ಟರೆ ಆಕ್ಸಿಜನ್ ಒಂದೂವರೆ ಮೋಲ್ ಉಳಿಯುತ್ತದೆ. ಅರ್ಧ ಎತ್ತು ಕಟ್ಟಲಾಗದು, ಅರ್ಧ ಮೋಲ್ ಆಗುತ್ತದೆ. ಈ ವ್ಯತ್ಯಾಸವನ್ನು ಮಾತ್ರ ಮರೆಯದೆ ಹೇಳಿ.