ಲೋಕಸಭೆ ವಿಸರ್ಜನೆಯಾದರೆ ಬಾಕಿ ಉಳಿದ ಮಸೂದೆಗಳು ಏನಾಗುತ್ತವೆ?

ಹೆಚ್ಚಿನವು ಬಿದ್ದುಹೋಗುತ್ತವೆ, ಎಲ್ಲವೂ ಅಲ್ಲ. ಸಂವಿಧಾನದ 107ನೇ ವಿಧಿಯ ಪ್ರಕಾರ ಲೋಕಸಭೆಯಲ್ಲಿ ಬಾಕಿ ಇರುವುದು, ಅಲ್ಲಿ ಅಂಗೀಕಾರವಾಗಿ ರಾಜ್ಯಸಭೆಯಲ್ಲಿ ನಿಂತಿರುವುದು ಎರಡೂ ರದ್ದು. ಹಳೆಯ ಸದನದ ಒಪ್ಪಿಗೆಯನ್ನು ಹೊಸ ಸದನದ ತಲೆಗೆ ಕಟ್ಟುವಂತಿಲ್ಲ. ರಾಜ್ಯಸಭೆ ಮಾತ್ರ ಎಂದೂ ವಿಸರ್ಜನೆಯಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಸದಸ್ಯರು ನಿವೃತ್ತರಾಗುತ್ತಾರೆ, ಅಷ್ಟೆ. ಹಾಗಾಗಿ ಅಲ್ಲೇ ಮಂಡನೆಯಾಗಿ, ಲೋಕಸಭೆಗೆ ಇನ್ನೂ ಹೋಗದ ಮಸೂದೆ ಉಳಿಯುತ್ತದೆ. ಎರಡೂ ಸದನ ದಾಟಿ ರಾಷ್ಟ್ರಪತಿಗಳ ಅಂಕಿತಕ್ಕೆ ಕಾದಿರುವುದಕ್ಕೂ ಧಕ್ಕೆಯಿಲ್ಲ.

ಮಹಿಳಾ ಮೀಸಲಾತಿ ಮಸೂದೆಯನ್ನೇ ನೋಡಿ. 2008ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗಿದ್ದರಿಂದ 2009ರ ಚುನಾವಣೆ ದಾಟಿಯೂ ಉಳಿಯಿತು. 2010ರಲ್ಲಿ ಅಲ್ಲಿ ಪಾಸಾಗಿ ಲೋಕಸಭೆಗೆ ಬಂತು. ಮತಕ್ಕೆ ಹಾಕಲೇ ಇಲ್ಲ. 2014ರಲ್ಲಿ ಸದನದ ಜೊತೆಗೇ ಹೋಯಿತು. 2023ರಲ್ಲಿ ಹೊಸ ಮಸೂದೆಯನ್ನೇ ತರಬೇಕಾಯಿತು.