ಉಡುಪಿಗೆ ಹೋದರೆ ಖರ್ಚು ಇಳಿಯುತ್ತದೆಯೇ?

ಪ್ರಶ್ನೆ: ವಿಜಯನಗರದ ಎರಡು ಬೆಡ್‌ರೂಮಿನ ಮನೆಗೆ ತಿಂಗಳಿಗೆ 26,000 ರೂಪಾಯಿ ಬಾಡಿಗೆ ಕೊಡುತ್ತಿದ್ದೇವೆ. ನಿವೃತ್ತಿಯಾದ ಮೇಲೆ ಮಲ್ಪೆ ಹತ್ತಿರ, ಕಡಲು ಕಾಣುವಂಥ ಮನೆ ಕೊಳ್ಳುವ ಆಸೆ. ಲಾಭವೇ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಬಾಡಿಗೆ ಉಳಿಯುತ್ತದೆ, ಸ್ವಾಮಿ. ಆದರೆ ‘ಕಡಲು ಕಾಣುವ’ ಎಂಬ ಮಾತಿಗೇ ಬೆಲೆ ಏರುತ್ತದೆ. ಕಡಲಿನಿಂದ ಎರಡು ಕಿಲೋಮೀಟರ್ ಒಳನಾಡಿನತ್ತ ಬಂದು ನೋಡಿ. ಉಬ್ಬರದಲ್ಲಿ ಕಡಲು ಏರಿ ಬರುವ ಗೆರೆಯಿಂದ 500 ಮೀಟರ್‌ವರೆಗಿನ ಜಾಗಕ್ಕೆ, ತೀರದ ಕಟ್ಟಡಗಳನ್ನು ನಿಯಂತ್ರಿಸುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಅನ್ವಯಿಸುತ್ತದೆ, ಕಾಗದಪತ್ರ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ನನ್ನ ತಂಗಿಯ ಮನೆ ಅಲ್ಲೇ. ಉಪ್ಪುಗಾಳಿಗೆ ಗೇಟು ಮೂರೇ ವರ್ಷಕ್ಕೆ ತುಕ್ಕು ಹಿಡಿದು ಹಪ್ಪಳವಾಯಿತು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಕೂಲಿ ಪ್ರತಿವರ್ಷದ್ದು. ಬೆಂಗಳೂರಲ್ಲಿ ಫ್ಯಾನಿನಲ್ಲೇ ಬೇಸಿಗೆ ಕಳೆದ ನಿಮಗೆ ಅಲ್ಲಿನ ಸೆಕೆ ಏಸಿ ಕೊಡಿಸಿಯೇ ಬಿಡುತ್ತದೆ. ಮೀನು ಅಗ್ಗ ಅಂದುಕೊಂಡಿದ್ದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಬಂಗುಡೆಯ ರೇಟು ಕೇಳಿ ತಂಗಿ ಒಣಮೀನಿನ ಡಬ್ಬ ತೆಗೆಯುತ್ತಾಳೆ. (ನನಗದೇ ಇಷ್ಟ, ಅದು ಬೇರೆ ಮಾತು.)

ಮೊದಲು ಒಂದು ವರ್ಷ ಬಾಡಿಗೆಗಿರಿ. ಕೊಳ್ಳುವ ಮನೆಯ ಬಾವಿನೀರನ್ನು ಮೇ ತಿಂಗಳಲ್ಲಿ ಕುಡಿದು ನೋಡಿ, ಉಪ್ಪಾಗಿದ್ದರೆ ಬೇರೆ ಮನೆ ಹುಡುಕಿ.